ಎಡಗಡೆಯ ಗುಳಿ

ಗುರುವಾರ ಹತ್ತು ಗಂಟೆಗೆ ಫ್ರೌ ಹೆನ್ಲೆ ಬರುವವರಿದ್ದರು. ಒಂಬತ್ತು ವರ್ಷಗಳಿಂದ ಗುರುವಾರ ಹತ್ತು ಗಂಟೆ ಎಂದರೆ ಫ್ರೌ ಹೆನ್ಲೆ, ಸೋಮವಾರ ಹತ್ತು ಗಂಟೆ ಎಂದರೂ ಅವರೇ. ಆದರೆ ಈ ಗುರುವಾರ ಅನ್ನೆಗ್ರೆಟ್ ಫೋಸ್ಲರ್ ಎಂಟಕ್ಕೇ ಬಂದು, ಬೇಕರಿಯ ಮೇಲಿನ ತನ್ನ ಚಿಕಿತ್ಸಾ ಕೋಣೆಯ ಮಂಚಕ್ಕೆ ಬಿಳಿ ಬಟ್ಟೆ ಹಾಸಿ, ಅದು ಸರಿಯಿಲ್ಲವೆನಿಸಿ ತೆಗೆದು, ಇನ್ನೊಂದನ್ನು ಹಾಸಿ, ಈಗ ನಲ್ಲಿಯ ಕೆಳಗೆ ಕೈ ಹಿಡಿದು ನಿಂತಿದ್ದಳು. ನೀರು ಬೆಚ್ಚಗಾಯಿತು, ಬಿಸಿಯಾಯಿತು, ಬೆರಳು ಕೆಂಪಾದವು. ಅವಳು ಕೈ ತೆಗೆಯಲಿಲ್ಲ. ಮಂಗಳವಾರ ಫ್ರೌ ಹೆನ್ಲೆಯ ತಂಗಿ ಟ್ರೌಡಲ್ ಫೋನ್ ಮಾಡಿದ್ದಳು. "ಅಕ್ಕನಿಗೆ ಆ ಕ್ಯಾನ್ಸರ್ ಮತ್ತೆ ಬಂದ್ಬಿಟ್ಟಿದೆ, ಫ್ರೌ ಫೋಸ್ಲರ್. ಹೊಟ್ಟೆಯೊಳಗೆ. ನನ್ನ ಹುಟ್ಟುಹಬ್ಬದ ದಿನ ಸರ ಹಾಕ್ಕೊಳ್ಳೋವಾಗ ಕತ್ತಿನ ಬುಡದಲ್ಲಿ ಗಂಟು ಸಿಕ್ತು ನೋಡಿ, ಗೋಲಿಯಷ್ಟಿತ್ತು. ಎರಡು ವಾರ ಬರೀ ಪರೀಕ್ಷೆ. ಗುರುವಾರ ನಿಮ್ಮಲ್ಲಿಗೆ ಬಂದೇ ಬರ್ತೀನಿ ಅಂತಾಳೆ, ಡಾಕ್ಟರೂ ಬೇಡ ಅನ್ನಲಿಲ್ಲ. ನಿಮ್ಮ ಕೈ ಅಂದ್ರೆ ಪ್ರಾಣ ಅವಳಿಗೆ." ಅದಕ್ಕೆ ಅನ್ನೆಗ್ರೆಟ್ "ಅಯ್ಯೋ ದೇವರೇ" ಎಂದಿದ್ದಳು. ಆ ಗಂಟಿಗಿಂತ ಹೆಚ್ಚಾಗಿ, ಎರಡು ದಿನದಿಂದ ಅವಳನ್ನು ತಿನ್ನುತ್ತಿದ್ದದ್ದು ಆ "ಅಯ್ಯೋ ದೇವರೇ". ಎಷ್ಟು ಸರಿಯಾಗಿ ಬಂದಿತ್ತು ಅದು! ಎಷ್ಟು ಬೇಕೋ ಅಷ್ಟೇ ಬೆಚ್ಚಿದ ಧ್ವನಿ, ಎಷ್ಟು ಬೇಕೋ ಅಷ್ಟೇ ಉಸಿರು. ಮೊದಲ ಸಲ ಕೇಳುತ್ತಿರುವವಳ ಹಾಗೆ.

ಫೆಬ್ರವರಿಯ ಕೊನೆಯ ಗುರುವಾರ ಅವಳ ಬೆರಳಿಗೆ ಅದು ಸಿಕ್ಕಿತ್ತು. ಗೋಲಿಯಷ್ಟಿರಲಿಲ್ಲ, ಒಣಗಿದ ಬಟಾಣಿಯಷ್ಟಿತ್ತು. ಕೊರಳೆಲುಬಿನ ಮೇಲಿನ ಎಡಗಡೆಯ ಗುಳಿಯಲ್ಲಿ, ಚರ್ಮದ ಕೆಳಗೆ, ತಳ್ಳಿದರೆ ಜಾರದೆ ಕೂತಿತ್ತು. ನೆಗಡಿಗೆ ಊದಿದ ಗ್ರಂಥಿ ಮೆತ್ತಗಿರುತ್ತದೆ, ಬೆರಳಿಗೆ ಸಿಕ್ಕಿ ಮೀನಿನಂತೆ ಸರಿಯುತ್ತದೆ, ಮುಟ್ಟಿದರೆ ನೋಯುತ್ತದೆ. ಇದು ನೋಯಲಿಲ್ಲ, ಫ್ರೌ ಹೆನ್ಲೆ ಕಣ್ಣು ಮುಚ್ಚಿಕೊಂಡು ತಮ್ಮ ಮಹಡಿಯವರ ನಾಯಿಯ ಕಥೆ ಹೇಳುತ್ತಲೇ ಇದ್ದರು. ಊದಿದ ಕೈಕಾಲು ನೀವಿ ನೀರಿಳಿಸುವ ಇದೇ ಕೆಲಸವನ್ನು ಇಪ್ಪತ್ತೆಂಟು ವರ್ಷ ಮಾಡಿದವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ದೇಹದಲ್ಲಿ ರಕ್ತಕ್ಕೆ ಹೃದಯವಿದೆ, ದುಗ್ಧರಸಕ್ಕೆ ಇಲ್ಲ. ಆ ಬಣ್ಣವಿಲ್ಲದ ನೀರು ಉಸಿರಾಟವನ್ನೂ ನಡಿಗೆಯನ್ನೂ ನಂಬಿಕೊಂಡು, ಗ್ರಂಥಿಯಿಂದ ಗ್ರಂಥಿಗೆ ಸೋಸಿಕೊಳ್ಳುತ್ತ ಮೇಲೇರುತ್ತದೆ. ಎರಡೂ ಕಾಲುಗಳದ್ದು, ಇಡೀ ಹೊಟ್ಟೆಯದ್ದು ಕೊನೆಗೆ ಬಂದು ರಕ್ತಕ್ಕೆ ಸೇರುವುದು ಆ ಎಡಗಡೆಯ ಗುಳಿಯ ಬಳಿ. ಅದಕ್ಕೇ ಚಿಕಿತ್ಸೆ ಶುರುವಾಗುವುದು ಅಲ್ಲಿಂದ. ಊದಿದ್ದು ಕಾಲಾದರೂ ಕೈ ಮೊದಲು ಕತ್ತಿಗೆ ಹೋಗಬೇಕು. ಕೊನೆಯ ಬಾಗಿಲು ತೆರೆಯದೆ ಕೆಳಗಿನಿಂದ ನೀರು ದೂಡಿ ಏನು ಪ್ರಯೋಜನ. ಕಲಿಯುವಾಗ ಮುದುಕ ಮೇಷ್ಟ್ರು ತಮ್ಮದೇ ಕತ್ತು ತೋರಿಸಿ ಹೇಳಿದ್ದರು: "ಕೆಳಗಿನ ಮನೆ ಸುದ್ದಿ ಎಲ್ಲ ಇಲ್ಲಿಗೆ ಬರುತ್ತೆ, ಮಕ್ಕಳೇ. ಇಲ್ಲಿ ಕಲ್ಲು ಸಿಕ್ರೆ ಕೈ ತೆಗೀರಿ, ಬಾಯಿ ತೆರೀರಿ." ಗರ್ಭಕೋಶದ ಕ್ಯಾನ್ಸರಿಗೆ ಕಿಬ್ಬೊಟ್ಟೆಯ ಗ್ರಂಥಿಗಳನ್ನೆಲ್ಲ ತೆಗೆಸಿಕೊಂಡು, ಅಂದಿನಿಂದ ಎಡಗಾಲು ಊದಿಸಿಕೊಂಡೇ ಬದುಕಿದ ಹೆಂಗಸಿನ ಆ ಗುಳಿಯಲ್ಲಿ ಕಲ್ಲು ಸಿಕ್ಕಿತ್ತು. ಅನ್ನೆಗ್ರೆಟ್ ಕೈ ತೆಗೆದಳು. ಬಾಯಿ ತೆರೆಯಲಿಲ್ಲ.

ಯಾಕೆ ಎಂದು ಕೇಳಿಕೊಂಡರೆ ಮೊದಲು ನೆನಪಿಗೆ ಬರುತ್ತಿದ್ದವಳು ಫ್ರೌ ರಾಪ್. ಎರಡು ವರ್ಷದ ಹಿಂದೆ ಅಂಚೆ ಕಚೇರಿಯ ಫ್ರೌ ರಾಪ್‌ಳ ಕಂಕುಳಲ್ಲಿ ಏನೋ ಸಿಕ್ಕಿ, ಅನ್ನೆಗ್ರೆಟ್ ಆ ಕೂಡಲೇ ಹೇಳಿ, ಆಕೆ ಅಳುತ್ತ ಡಾಕ್ಟರ್ ವೈಗೆಲ್ ಬಳಿ ಓಡಿ, ಮೂರು ವಾರ ನಿದ್ದೆಗೆಟ್ಟು, ಕೊನೆಗೆ ಅದು ಕೊಬ್ಬಿನ ಗಂಟು ಎಂದಾಗಿತ್ತು. ವೈಗೆಲ್ ಫೋನ್ ಮಾಡಿದ್ದರು. "ಫ್ರೌ ಫೋಸ್ಲರ್, ನಿಮ್ಮ ಕೆಲಸ ಮಾಲೀಶು ಮಾಡೋದು. ರೋಗ ಹೇಳೋದು ನಮಗೆ ಬಿಡ್ತೀರಾ ದಯವಿಟ್ಟು?" ಆ "ದಯವಿಟ್ಟು" ಮುಗಿಯುವ ಮೊದಲೇ ಅವರು ಫೋನ್ ಇಟ್ಟಿದ್ದರು. ಫ್ರೌ ರಾಪ್ ಮತ್ತೆ ಬರಲಿಲ್ಲ. ಬೀದಿಯಲ್ಲಿ ಎದುರಾದರೆ ಆಚೆ ಬದಿಗೆ ದಾಟುತ್ತಿದ್ದಳು. ಒಮ್ಮೆ ಕೆಳಗೆ ಬೇಕರಿಯಲ್ಲಿ ಸಾಲಿನಲ್ಲಿ ನಿಂತು ಎಲ್ಲರಿಗೂ ಕೇಳುವಂತೆ, "ಮೇಲ್ಗಡೆ ಹೋದ್ರೆ ಜೀವ ಹೆದರಿಸಿ ಕಳಿಸ್ತಾರೆ" ಎಂದಿದ್ದಳು. ಬೇಕರಿಯವಳು ನಕ್ಕಿದ್ದಳು. ಆ ನಗು ಅನ್ನೆಗ್ರೆಟ್‌ಳ ಕಿವಿಯಲ್ಲಿ ಹೆಪ್ಪುಗಟ್ಟಿ ಉಳಿದಿತ್ತು. ಆದರೆ ಈಗ, ಕೈ ಒರೆಸಿಕೊಳ್ಳುತ್ತ, ಅದೂ ಒಂದು ನೆಪವೇ ಎಂದು ಅವಳಿಗೆ ಗೊತ್ತಿತ್ತು. ಅವಮಾನವಾದವಳು ಒಂದು ದಿನ ಸುಮ್ಮನಿರಬಹುದು. ಒಂದು ವಾರ ಸುಮ್ಮನಿರಬಹುದು. ಅವಳು ಮಾಡಿದ್ದು ಅದಲ್ಲ.

ಅವಳು ಮಾಡಿದ್ದೇನೆಂದರೆ, ಮುಂದಿನ ಸೋಮವಾರ ಕತ್ತನ್ನು ಮುಟ್ಟದೆ ಹೊಟ್ಟೆಯಿಂದ ಶುರುಮಾಡಿದ್ದು. ಯೋಚಿಸಿ ಮಾಡಿದ್ದಲ್ಲ. ಕೈ ತಾನಾಗಿ ಕೊರಳನ್ನು ದಾಟಿ ಕೆಳಗೆ ಹೋಗಿತ್ತು, ಸಾಲ ಕೊಟ್ಟವನ ಮನೆಯ ಮುಂದೆ ತಲೆ ತಗ್ಗಿಸಿ ನಡೆದುಹೋಗುವವನ ಹಾಗೆ. ಫ್ರೌ ಹೆನ್ಲೆ ಒಂದು ಕಣ್ಣು ತೆರೆದಿದ್ದರು. ಇಪ್ಪತ್ತಾರು ವರ್ಷ ಬಸ್ಸು ಓಡಿಸಿದ ಹೆಂಗಸು. ಯಾರು ಎಲ್ಲಿ ಹತ್ತಿದರು, ಎಲ್ಲಿ ಇಳಿದರು, ಕನ್ನಡಿಯಲ್ಲೇ ಕಾಣುತ್ತಿತ್ತು ಅವರಿಗೆ.

"ಏನಿವತ್ತು, ಮೊದಲನೇ ಸ್ಟಾಪೇ ಬಿಟ್ಬಿಟ್ರಲ್ಲ?"

"ಈಗ ಹೊಸ ಪದ್ಧತಿ, ಫ್ರೌ ಹೆನ್ಲೆ. ಕತ್ತು ಅಷ್ಟೊಂದು ಬೇಕಿಲ್ಲವಂತೆ."

"ಓಹೋ, ಎಕ್ಸ್‌ಪ್ರೆಸ್ ಬಸ್ಸು ಅನ್ನಿ." ಅವರು ಕಣ್ಣು ಮುಚ್ಚಿಕೊಂಡಿದ್ದರು. "ಸರಿ, ನಡೀಲಿ. ಡ್ರೈವರ್‌ಗೆ ಗೊತ್ತಿರುತ್ತೆ."

ಡ್ರೈವರ್‌ಗೆ ಗೊತ್ತಿರುತ್ತೆ. ಮಾರ್ಚ್ ಕಳೆಯಿತು, ಏಪ್ರಿಲ್ ಕಳೆಯಿತು. ಪ್ರತಿ ಸಲವೂ ಇವತ್ತು ಮುಟ್ಟಿ ನೋಡುತ್ತೇನೆ, ಕರಗಿರುತ್ತದೆ ಎಂದುಕೊಳ್ಳುವುದು. ಕರಗಿರದಿದ್ದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಬರುತ್ತದಲ್ಲ ಎಂದು ನೆನಪಾಗಿ, ಹೊಟ್ಟೆಯ ಮೇಲೆ ಕೈಯಿಡುವುದು. ದಿನ ಕಳೆದಷ್ಟೂ ಹೇಳುವುದು ಕಷ್ಟವಾಯಿತು. ಫ್ರೌ ಹೆನ್ಲೆಯ ಕುತ್ತಿಗೆ ಅವಳಿಗೆ ಕಾಣುವುದೇ ನಿಂತುಹೋಯಿತು. ಗಲ್ಲವಾದ ಮೇಲೆ ನೇರವಾಗಿ ಪಕ್ಕೆಲುಬು, ನಡುವೆ ಏನೂ ಇಲ್ಲ. ಮಂಗಳವಾರ ಫೋನ್ ಇಟ್ಟ ಮೇಲೆ ಅವಳು ಭೇಟಿಯ ಪುಸ್ತಕ ತೆಗೆದು ಎಣಿಸಿದ್ದಳು. ಹತ್ತೊಂಬತ್ತು ಸಲ.

ಹತ್ತಕ್ಕೆ ಐದು ನಿಮಿಷವಿರುವಾಗ ಮೆಟ್ಟಿಲ ಮೇಲೆ ಆ ನಡಿಗೆ ಕೇಳಿತು, ಬಲಗಾಲು ಹಗುರ, ಎಡಗಾಲು ಭಾರ. ಫ್ರೌ ಹೆನ್ಲೆ ಬಾಗಿಲಲ್ಲಿ ನಿಂತು ಉಸಿರು ಎಳೆದುಕೊಂಡರು. ಎರಡು ವಾರದಲ್ಲಿ ಮುಖ ಸಣ್ಣದಾಗಿ ಕಿವಿ ದೊಡ್ಡದಾಗಿತ್ತು. ಕೈಯಲ್ಲಿ ಸಂತೆಯ ಚೀಲ. ಅದರಿಂದ ಶತಾವರಿ ದಂಟುಗಳ ಬಿಳಿ ತುದಿಗಳು ಇಣುಕುತ್ತಿದ್ದವು, ಅವುಗಳ ಸಂದಿಯಿಂದ ಎರಡು ಪುಟ್ಟ ಶಾಂಪೇನ್ ಶೀಸೆಗಳನ್ನು ಅವರು ಎತ್ತಿ ತೋರಿಸಿದರು.

"ಮುಖ ಯಾಕೆ ಹಾಗೆ ಮಾಡ್ಕೊಂಡಿದೀರಿ? ನಾನಿನ್ನೂ ಸತ್ತಿಲ್ಲ. ಲೋಟ ಕೊಡಿ."

"ಬೆಳಿಗ್ಗೆ ಹತ್ತು ಗಂಟೆಗೆ..."

"ಹತ್ತು ಗಂಟೆ ಆದ್ರೇನು, ಇವತ್ತು ನಾನು ಬಸ್ಸು ಓಡಿಸ್ತಿಲ್ಲ." ಹಲ್ಲುಜ್ಜುವ ಲೋಟ ಒಂದು, ಕಾಫಿ ಬಟ್ಟಲು ಒಂದು, ಎರಡಕ್ಕೂ ಅವರೇ ಸುರಿದರು. ಆಮೇಲೆ ಸ್ವಲ್ಪ ಸಂಕೋಚದಿಂದ, ಭಾಷಣ ಮಾಡುವವರ ಹಾಗೆ ಗಂಟಲು ಸರಿಮಾಡಿಕೊಂಡರು. "ನೋಡಿ, ಆಸ್ಪತ್ರೆಯಲ್ಲಿ ಮಲಗಿ ಯೋಚನೆ ಮಾಡ್ದೆ. ಒಂಬತ್ತು ವರ್ಷ ನನ್ನ ತೊಡೆ ಹಿಡ್ಕೊಂಡು ಕೂತವಳನ್ನ ನೀವು, ನೀವು ಅಂತೀನಲ್ಲ, ನಾನೆಂಥವಳು. ನನ್ನ ಗಂಡನಿಗೂ ಈ ಕಾಲು ಇಷ್ಟು ಗೊತ್ತಿರಲಿಲ್ಲ. ವಯಸ್ಸಲ್ಲಿ ನಾನು ದೊಡ್ಡವಳು, ನಾನೇ ಹೇಳ್ಬೇಕು. ನಾನು ವಾಲ್ಬುರ್ಗ. ಇನ್ಮೇಲೆ ನೀನು."

ಈ ಊರಿನಲ್ಲಿ ಅದು ಸಣ್ಣ ಮಾತಲ್ಲ. ಅಕ್ಕಪಕ್ಕದ ಮನೆಯಲ್ಲಿದ್ದು ನಲವತ್ತು ವರ್ಷ ನೀವು ಎಂದುಕೊಂಡೇ ಮಣ್ಣಾದವರಿದ್ದಾರೆ. ಒಮ್ಮೆ ಕೊಟ್ಟ ನೀನು ಸಾಯುವವರೆಗೂ ಹಿಂದಕ್ಕೆ ಹೋಗುವುದಿಲ್ಲ. ಅನ್ನೆಗ್ರೆಟ್ ಲೋಟ ಎತ್ತಿದಳು. "ನಾನು ಅನ್ನೆಗ್ರೆಟ್" ಎಂದಳು. ಆ ಹೆಸರು ಅವಳ ಬಾಯಲ್ಲೇ ಕದ್ದ ಮಾಲಿನ ಹಾಗಿತ್ತು. ಗುಳ್ಳೆಗಳು ಮೂಗಿಗೇರಿ ಕಣ್ಣಲ್ಲಿ ನೀರು ಬಂದಾಗ ವಾಲ್ಬುರ್ಗ ಅದನ್ನು ಬೇರೆ ನೀರೆಂದು ತಿಳಿದು ಅವಳ ಕೆನ್ನೆ ತಟ್ಟಿದರು. "ಹುಚ್ಚಿ, ಅಳ್ಬೇಡ" ಎಂದರು. ಮಂಚದ ಮೇಲೆ ಮಲಗಿ, ಕಾಲು ಎತ್ತಿಡಿಸಿಕೊಂಡು, ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿದರು. ಅಲ್ಲಿ, ಪಟ್ಟಿ ಹಚ್ಚಿದ ಸೂಜಿಯ ಗಾಯದ ಪಕ್ಕದಲ್ಲಿ, ಈಗ ಗಂಟು ಮುಟ್ಟದೆಯೂ ಕಾಣುತ್ತಿತ್ತು.

"ಮುಟ್ಟಿ ನೋಡು. ಹೆದರ್ಬೇಡ, ನೋಯಲ್ಲ. ಟ್ರೌಡಲ್ ಹೇಳ್ತಾಳೆ, ಫ್ರೌ ಫೋಸ್ಲರ್ ಕತ್ತು ಮುಟ್ಟಿದ್ದಿದ್ರೆ ಎಂದೋ ಸಿಕ್ಕಿಬಿಡ್ತಿತ್ತು ಅಂತ. ನಾನಂದೆ, ಸುಮ್ನಿರೇ, ಅದು ಹೊಸ ಪದ್ಧತಿ, ಅವಳೇನು ಮಾಡ್ತಾಳೆ ಪಾಪ."

ಕೆಳಗೆ ಬೇಕರಿಯವಳು ತಟ್ಟೆ ಜಾರಿಸುವ ಸದ್ದು ಕೇಳಿತು, ಯಾರೋ ಬ್ರೆಡ್ಡು ಕೇಳಿದರು. ಅನ್ನೆಗ್ರೆಟ್ ಸುಮ್ಮನಿದ್ದುಬಿಡಬಹುದಿತ್ತು. ಅದೇ ಆಶ್ಚರ್ಯ: ಸುಮ್ಮನಿರುವುದು ಎಷ್ಟು ಸುಲಭವಾಗಿತ್ತು! ಎಲ್ಲವನ್ನೂ ವಾಲ್ಬುರ್ಗರೇ ಏರ್ಪಾಡು ಮಾಡಿಕೊಟ್ಟಿದ್ದರು. ನೆಪ, ಕ್ಷಮೆ, ನೀನು ಎಂಬ ಮಾತು. ಅವಳು ಕೈ ಇಡಬೇಕಷ್ಟೇ.

"ಹೊಸ ಪದ್ಧತಿ ಇಲ್ಲ" ಎಂದಳು.

"ಅಂದ್ರೆ?"

"ಹೊಸ ಪದ್ಧತಿ ಅಂತ ಯಾವುದೂ ಇಲ್ಲ. ನಾನು ಸುಳ್ಳು ಹೇಳ್ದೆ. ನನಗೆ ಸಿಕ್ಕಿತ್ತು ಅದು. ಫೆಬ್ರವರಿಯಲ್ಲೇ. ಸಣ್ಣದಿತ್ತು, ಆದ್ರೆ ಏನು ಅಂತ ನನಗೆ ಗೊತ್ತಿತ್ತು. ಗೊತ್ತಿತ್ತು ಅಂತಲೇ ಆಮೇಲೆ ಮುಟ್ಟಲಿಲ್ಲ."

ಅವಳು ಕಾದಳು. ಇದಾದ ಮೇಲೆ ಏನಾಗುತ್ತದೆಂದು ಅವಳು ಎರಡು ರಾತ್ರಿ ಕಲ್ಪಿಸಿಕೊಂಡಿದ್ದಳು: ಬೈಗುಳ, ಅಳು, ಲೋಟ ಎಸೆಯುವುದು. ಅದೊಂದೂ ಆಗಲಿಲ್ಲ. ಮಲಗಿದ್ದವರು ಮಾಳಿಗೆಯನ್ನು ನೋಡುತ್ತ ಮಲಗಿಯೇ ಇದ್ದರು. ಅವರ ಬೆರಳು ಮಾತ್ರ ನಿಧಾನವಾಗಿ ಬಂದು ಬಿಚ್ಚಿದ್ದ ಎರಡು ಗುಂಡಿಗಳನ್ನು ಹಾಕಿಕೊಂಡಿತು, ಮೊದಲು ಕೆಳಗಿನದು, ಆಮೇಲೆ ಮೇಲಿನದು.

"ಎಷ್ಟು ಸಲ?"

"ಹತ್ತೊಂಬತ್ತು."

"ಎಣಿಸಿದೀರಿ."

ಅನ್ನೆಗ್ರೆಟ್‌ಗೆ ಅದು ತಕ್ಷಣ ಕೇಳಿಸಲಿಲ್ಲ. ಕೇಳಿಸಿದಾಗ ಕಾಲ ಕೆಳಗಿನ ಹಲಗೆಯೊಂದು ಸರಿದ ಹಾಗಾಯಿತು. ನೀನು ಹೋಗಿ ನೀವು ಬಂದಿತ್ತು. ಅವರು ಕೋಪದಿಂದ ಅಂದಿರಲಿಲ್ಲ. ಅಂಗಡಿಯಲ್ಲಿ ತಪ್ಪಿ ಕೊಟ್ಟ ಚಿಲ್ಲರೆಯನ್ನು ಎತ್ತಿಕೊಳ್ಳುವಷ್ಟು ಸಹಜವಾಗಿ ಎತ್ತಿಕೊಂಡಿದ್ದರು.

"ನಾನು... ಆಗಲೇ ಹೇಳಿದ್ದಿದ್ರೆ... ಡಾಕ್ಟರು ಏನಾದ್ರೂ ಹೇಳಿದ್ರಾ? ಈ ಹನ್ನೊಂದು ವಾರದಿಂದ ಏನಾದ್ರೂ..."

ಫ್ರೌ ಹೆನ್ಲೆ ಈಗ ತಲೆ ತಿರುಗಿಸಿ ಅವಳನ್ನು ನೋಡಿದರು. ಟಿಕೆಟ್ಟಿಲ್ಲದೆ ಹತ್ತಿದವರನ್ನು ಕನ್ನಡಿಯಲ್ಲಿ ಹೀಗೇ ನೋಡುತ್ತಿದ್ದಿರಬೇಕು.

"ಅದು ಬೇಕಲ್ವಾ ನಿಮಗೆ? ಮೊದಲೇ ಸಿಕ್ಕಿದ್ರೂ ಇಷ್ಟೇ ಆಗ್ತಿತ್ತು ಅಂತ ನಾನು ಅಂದ್ರೆ ಇವತ್ತು ನಿಮಗೆ ನಿದ್ದೆ ಬರುತ್ತೆ. ಬದುಕ್ತಿದ್ದೆ ಅಂದ್ರೆ ಬರಲ್ಲ. ಡಾಕ್ಟರ ಮುಂದೆ ಕೂತವಳು ನಾನು. ಅವರ ಮಾತು ನನ್ನ ಹತ್ರ ಇರ್ಲಿ."

"ಫ್ರೌ ಹೆನ್ಲೆ..."

"ಕಾಲು ಸೀಸ ತುಂಬಿದ ಹಾಗಾಗಿದೆ. ಎರಡು ವಾರದಿಂದ ಯಾರೂ ಮುಟ್ಟಿಲ್ಲ. ಶುರು ಮಾಡಿ." ಅವರು ಕಣ್ಣು ಮುಚ್ಚಿದರು. "ಕತ್ತಿನಿಂದ."

ಗುಂಡಿ ಹಾಕಿದ ಅಂಗಿಯ ಕಾಲರಿನೊಳಗೇ ಅವಳು ಕೈ ಇಟ್ಟಳು. ಹಾಲಿನ ಕೆನೆ ಕದಲದ ಹಾಗೆ ಒತ್ತಬೇಕು, ಅಷ್ಟೇ ಹಗುರ. ಗಂಟನ್ನು ಸುತ್ತುಬಳಸಿ, ಅದರ ಮೇಲೆ ಭಾರ ಬೀಳದಂತೆ, ಚರ್ಮವನ್ನಷ್ಟೇ ಎಳೆದು ಬಿಟ್ಟು, ಎಳೆದು ಬಿಟ್ಟು. ಒಂಬತ್ತು ವರ್ಷದಲ್ಲಿ ಮೊದಲ ಸಲ ನಾಯಿಯ ಕಥೆಯಿಲ್ಲ, ತಮಾಷೆಯಿಲ್ಲ. ಹೊಟ್ಟೆ, ತೊಡೆಸಂದು, ತೊಡೆ, ಮಂಡಿಯ ಹಿಂಭಾಗ, ಕಾಲಿನ ಹರಡು. ಪೂರಾ ಒಂದು ಗಂಟೆ. ಕೊನೆಗೆ ಬಿಗಿ ಕಾಲುಚೀಲ ಹಾಕುವ ಸಮಯ. ಯಾವತ್ತೂ ಅದನ್ನು ಫ್ರೌ ಹೆನ್ಲೆಯೇ ಹಾಕಿಕೊಳ್ಳುತ್ತಿದ್ದರು. ಇಂದು ಬಗ್ಗಿದವರು ಅರ್ಧಕ್ಕೇ ನಿಂತರು, ಉಸಿರು ಸಾಲಲಿಲ್ಲ. ಕೇಳಲೂ ಇಲ್ಲ, ಸುಮ್ಮನೆ ಕಾಲು ಮುಂದಕ್ಕೆ ಚಾಚಿದರು. ಅನ್ನೆಗ್ರೆಟ್ ಹಿಡಿತಕ್ಕೆಂದು ರಬ್ಬರ್ ಗವಸು ಹಾಕಿಕೊಂಡು ನೆಲದ ಮೇಲೆ ಮಂಡಿಯೂರಿ ಕೂತು, ಆ ಗಡುಸು ಬಟ್ಟೆಯನ್ನು ಹಿಮ್ಮಡಿಯಿಂದ ಇಂಚಿಂಚಾಗಿ ಏರಿಸಿದಳು. ಅವಳ ನೆತ್ತಿಯ ಮೇಲೆ ಅವರ ಉಸಿರಾಟ ಕೇಳುತ್ತಿತ್ತು. ಅವರ ಕೈ ಆಸರೆಗೆಂದು ಅವಳ ಭುಜದ ಮೇಲೆ ಬಂತು, ಬೇರೆ ಹಿಡಿಯಲು ಏನೂ ಇರಲಿಲ್ಲ. ಹೊರಡುವಾಗ ಶತಾವರಿಯ ಚೀಲ ಎತ್ತಿಕೊಂಡು, "ಸೋಮವಾರ ಹತ್ತಕ್ಕೆ" ಎಂದರು.

ಇನ್ನು ಬರಲಾರರು ಎಂದು ಅವಳು ಆ ಮೂರು ದಿನವೂ ನಂಬಿದ್ದಳು. ಬರದಿದ್ದರೆ ಹಗುರವಾಗುತ್ತಿತ್ತು. ಅವರು ಸೋಮವಾರ ಹತ್ತಕ್ಕೆ ಬಂದರು, ಗುರುವಾರ ಬಂದರು, ಬೇಸಿಗೆಯಿಡೀ ಬಂದರು. ಕತ್ತಿನಿಂದ ಶುರು, ಕಾಲುಚೀಲದಲ್ಲಿ ಕೊನೆ. ನಡುವೆ ಹವೆ, ಮಹಡಿಯವರ ನಾಯಿ, ತಂಗಿಯ ಅಡಿಗೆ. ತಮಾಷೆಗಳೂ ಒಂದೊಂದಾಗಿ ಹಿಂದಿರುಗಿದವು, ಆದರೆ ನೀವು ಎಂದೇ. ಬೇರೆಯವರ ಎದುರು ಅವರು ಅದರ ಬಗ್ಗೆ ಒಂದು ಮಾತೂ ಆಡಲಿಲ್ಲವೆಂದು ಅನ್ನೆಗ್ರೆಟ್‌ಗೆ ಗೊತ್ತಾಗುತ್ತಿದ್ದದ್ದು ಬೇಕರಿಯವಳಿಂದ. "ಫ್ರೌ ಹೆನ್ಲೆ ನಿಮ್ಮನ್ನ ಹೊಗಳ್ತಾರಪ್ಪ, ನಿಮ್ಮ ಕೈ ಚಿನ್ನದ್ದಂತೆ." ಬ್ರೆಡ್ಡಿನ ಪೊಟ್ಟಣ ತೆಗೆದುಕೊಳ್ಳಲು ಚಾಚಿದ ಚಿನ್ನದ ಕೈಯನ್ನು ಅವಳು ಜೇಬಿಗೆ ಹಾಕಿಕೊಳ್ಳುತ್ತಿದ್ದಳು. ಜೂನಿನಲ್ಲಿ ಒಮ್ಮೆ ತಡೆಯದೆ ಡಾಕ್ಟರ್ ವೈಗೆಲ್ ಬಳಿಗೆ ಹೋಗಿ ಎಲ್ಲವನ್ನೂ ಹೇಳಿದಳು. ಅವರು ಕನ್ನಡಕ ತೆಗೆದು ಒರೆಸಿದರು. ಎರಡು ವರ್ಷದ ಹಿಂದಿನ ಫೋನ್ ಕರೆ ಅವರಿಗೆ ನೆನಪೇ ಇರಲಿಲ್ಲ. "ನಾನು ಹಾಗಂದಿದ್ನಾ? ಯಾವುದೋ ಕೆಟ್ಟ ದಿನ ಇರಬೇಕು. ನೀವು ಹೇಳ್ಬೇಕಿತ್ತು, ಫ್ರೌ ಫೋಸ್ಲರ್. ಮುಂದೆ ಹೇಳಿ." ಹನ್ನೊಂದು ವಾರದ ಬಗ್ಗೆ ಕೇಳಿದ್ದಕ್ಕೆ, ಅದು ಆಸ್ಪತ್ರೆಯವರಿಗೆ ಗೊತ್ತು, ರೋಗಿಯ ವಿಷಯ ಇನ್ನೊಬ್ಬರಿಗೆ ಹೇಳುವಂತಿಲ್ಲ ಎಂದರು. ಕೈಕುಲುಕಿ ಕಳಿಸಿದರು. ಯಾವ ಮಾತಿಗೆ ಅಂಜಿ ಅವಳು ಬಾಯಿ ಹೊಲಿದುಕೊಂಡಿದ್ದಳೋ ಅದನ್ನು ಆಡಿದವನಿಗೇ ಅದು ನೆನಪಿರಲಿಲ್ಲ. ದಾರಿಯಲ್ಲಿ ನಗು ಬಂತು ಅವಳಿಗೆ, ಅಸಹ್ಯವಾದ ನಗು.

ಮತ್ತೆ ಅವಳು ಎಂದೂ ಫ್ರೌ ಹೆನ್ಲೆಯನ್ನು ಕೇಳಲಿಲ್ಲ. ಆದರೆ ಆ ಮುಚ್ಚಿದ ಕಣ್ಣುಗಳನ್ನು ಓದಲು ನೋಡುತ್ತಿದ್ದಳು. ಅವರು ನಕ್ಕ ದಿನ, ಏನೂ ವ್ಯತ್ಯಾಸವಾಗುತ್ತಿರಲಿಲ್ಲವೆಂದು ಡಾಕ್ಟರು ಹೇಳಿರಬೇಕು ಎಂದುಕೊಳ್ಳುವಳು. ನೋವಿನಿಂದ ತುಟಿ ಕಚ್ಚಿದ ದಿನ, ಇಲ್ಲ, ಬದುಕಬಹುದಿತ್ತು, ನಾನು ಕೊಂದೆ. ಒಮ್ಮೊಮ್ಮೆ, ಇದು ಶಿಕ್ಷೆ, ಅವರು ಬೇಕೆಂದೇ ಕೊಡುತ್ತಿದ್ದಾರೆ ಎನಿಸಿ ಸಿಟ್ಟು ಉಕ್ಕುತ್ತಿತ್ತು. ಸಾಯುತ್ತಿರುವವರ ಮೇಲೆ ಸಿಟ್ಟಾದೆನಲ್ಲ ಎಂದು ಅದಕ್ಕೊಂದು ಬೇರೆ ಪಾಪಪ್ರಜ್ಞೆ. ಆಗಸ್ಟ್ ಕೊನೆಗೆ ಮೆಟ್ಟಿಲು ಹತ್ತಲಾಗದೆ ಹೋದಾಗ ಅವಳೇ ಮನೆಗೆ ಹೋಗತೊಡಗಿದಳು. ಸೆಪ್ಟೆಂಬರಿನಲ್ಲಿ ಕೈಯಿಟ್ಟಲ್ಲೆಲ್ಲ ಗುಳಿ ಬಿದ್ದು ಹಾಗೇ ಉಳಿಯುತ್ತಿತ್ತು. ನೀರಿಗೆ ಹೋಗಲು ದಾರಿಯೇ ಇರಲಿಲ್ಲ, ದೂಡುತ್ತ ಕೂತಿರುವುದು ಬರೀ ಸಮಾಧಾನಕ್ಕೆ. ಯಾರ ಸಮಾಧಾನಕ್ಕೆ ಎಂದು ಅವಳು ಕೇಳಿಕೊಳ್ಳಲಿಲ್ಲ. ಕೊನೆಯ ಗುರುವಾರ ಅವರು ಮಾತಾಡಿದ್ದು ಒಂದೇ ಸಲ. "ನಿಮ್ಮ ಕೈ ತಣ್ಣಗಿದೆ ಇವತ್ತು." ಅವಳು ಎದ್ದು ಹೋಗಿ, ಅಡಿಗೆಮನೆಯ ನಲ್ಲಿಯಲ್ಲಿ ಕೈ ಬಿಸಿಮಾಡಿಕೊಂಡು ಬಂದಳು.

ಅಕ್ಟೋಬರಿನ ಮೊದಲ ವಾರ ಮಣ್ಣಾಯಿತು. ಆಮೇಲೆ ಚರ್ಚಿನ ಪಕ್ಕದ ಹೋಟೆಲಿನಲ್ಲಿ ಕಾಫಿ, ಜಡೆ ಹೆಣೆದ ಸಿಹಿ ಬ್ರೆಡ್ಡು. ಹಳೆಯ ಬಸ್ ಡ್ರೈವರುಗಳು ಒಂದು ಮೇಜಿನಲ್ಲಿ ಕೂತು ಮೆಲ್ಲಗೆ ಶುರುಮಾಡಿ ಜೋರಾಗಿ ನಗತೊಡಗಿದ್ದರು, ಸಾವಿನ ಕಾಫಿಯಲ್ಲಿ ಯಾವಾಗಲೂ ಆಗುವ ಹಾಗೆ. ಅನ್ನೆಗ್ರೆಟ್ ಮೂಲೆಯಲ್ಲಿ ಕೂತಿದ್ದಳು. ಟ್ರೌಡಲ್ ಬಟ್ಟಲು ಹಿಡಿದುಕೊಂಡು ಬಂದು ಎದುರಿಗೆ ಕುಸಿದಳು, ಕೆಂಪು ಮೂಗು, ಅಕ್ಕನದೇ ಕಿವಿಗಳು.

"ಏನೂ ತಿಂದಿಲ್ಲ ನೀವು. ತಿನ್ನಿ, ಇಲ್ಲಾಂದ್ರೆ ಅವಳು ಎದ್ದು ಬಂದು ಬೈತಾಳೆ. ಎಷ್ಟು ಮಾಡಿದ್ರಿ ನೀವು ಅವಳಿಗೆ! ಕೊನೆವರೆಗೂ ಗುರುವಾರ ಅಂದ್ರೆ ತಲೆ ಬಾಚಿಸ್ಕೊಳ್ತಿದ್ಲು."

ಅವಳಿಗೆ ಏನೂ ಗೊತ್ತಿಲ್ಲ ಎಂದು ಅನ್ನೆಗ್ರೆಟ್‌ಗೆ ಆಗ ತಿಳಿಯಿತು. ಸ್ವಂತ ತಂಗಿಗೂ ಹೇಳಿರಲಿಲ್ಲ. ಅವಳು ಐದು ತಿಂಗಳಿಂದ ಹೊತ್ತಿದ್ದ ಆ ಒಂದನ್ನೇ ಕೇಳಿದಳು. "ಟ್ರೌಡಲ್, ಮೇ ತಿಂಗಳಲ್ಲಿ ಆಸ್ಪತ್ರೆಯಲ್ಲಿ ಡಾಕ್ಟರು... ಮೊದಲೇ ಸಿಕ್ಕಿದ್ರೆ ಏನಾಗ್ತಿತ್ತು ಅಂತ ಏನಾದ್ರೂ ಹೇಳಿದ್ರಾ?"

"ಎಲ್ಲಿ ಹೇಳೋಕೆ ಬಿಟ್ಲು!" ಟ್ರೌಡಲ್ ಬಟ್ಟಲು ಕೆಳಗಿಟ್ಟಳು. "ನಾನು ಕೇಳೋಕೆ ಹೋದೆ. ಒಂದೆರಡು ತಿಂಗಳು ಮೊದಲು ಬಂದಿದ್ರೆ ಅಂತ ಅಂದೆ ಅಷ್ಟೇ, ಮೇಜಿನ ಕೆಳಗೆ ನನ್ನ ಕಾಲು ತುಳಿದ್ಲು ಕಣ್ರೀ, ಆ ಭಾರದ ಕಾಲಲ್ಲಿ. ಡಾಕ್ಟರು ಬಾಯಿ ತೆರೆದ್ರು. ಇವಳು ಎದ್ದು ನಿಂತು, ಬೇಡ, ನನಗೆ ಗೊತ್ತಾಗೋದು ಬೇಡ, ಬಸ್ಸಿಗೆ ಹೊತ್ತಾಯ್ತು ಅಂದ್ಬಿಟ್ಲು. ಯಾವ ಬಸ್ಸು? ನಾವು ಕಾರಲ್ಲಿ ಹೋಗಿದ್ವಿ. ಆಮೇಲೆ ಯಾವತ್ತೂ ಕೇಳಲಿಲ್ಲ. ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿಲ್ಲ."

ಡ್ರೈವರುಗಳ ಮೇಜಿನಿಂದ ಮತ್ತೊಂದು ನಗು ಎದ್ದು ಇಳಿಯಿತು. ಬೇಸಿಗೆಯಿಡೀ ಆ ಮುಚ್ಚಿದ ರೆಪ್ಪೆಯ ಹಿಂದೆ ಒಂದು ಉತ್ತರವಿದೆಯೆಂದು ಅವಳು ಕೈಯಾಡಿಸಿದ್ದಳು. ಅಲ್ಲಿ ಏನೂ ಇರಲಿಲ್ಲ. ತಿಳಿಯಲು ಹೆದರಿದ ಇಬ್ಬರು ಹೆಂಗಸರು, ಒಬ್ಬಳು ಮಲಗಿ, ಒಬ್ಬಳು ಕೂತು, ವಾರಕ್ಕೆ ಎರಡು ಸಲ.

"ಯಾಕೆ ಕೇಳಿದ್ರಿ?" ಎಂದಳು ಟ್ರೌಡಲ್. ಅವಳ ಮುಖದಲ್ಲಿ ಅನುಮಾನದ ನೆರಳೂ ಇರಲಿಲ್ಲ. ಅಕ್ಕನನ್ನು ನೋಡಿಕೊಂಡವಳ ಮೇಲಿನ ಅಕ್ಕರೆಯೇ ಇತ್ತು. ಸುಮ್ಮನೆ ಕೇಳಿದೆ ಎಂದರೆ ಮುಗಿಯುತ್ತಿತ್ತು. ಟ್ರೌಡಲ್ ಇನ್ನೊಂದು ಬ್ರೆಡ್ಡು ಬಡಿಸಿ ಎದ್ದು ಹೋಗುತ್ತಿದ್ದಳು.

"ಕೂತಿರಿ, ಟ್ರೌಡಲ್" ಎಂದಳು ಅನ್ನೆಗ್ರೆಟ್. "ಫೆಬ್ರವರಿಯಲ್ಲಿ ಒಂದು ಗುರುವಾರ..."